ಒರಟು ಬೀದಿ, ಮೆದು ಚಕ್ರ

ಕಳೆದ ವರ್ಷ ರಂಜಾನ್ ಹಬ್ಬ ಮುಗಿದು ಇನ್ನೂ ತಿಂಗಳಾಗಿರಲಿಲ್ಲ, ಬೆಂಗಳೂರಿನಿಂದ ಆಪಾ ಫೋನ್ ಮಾಡಿದಳು. ಮಗ ಸ್ಕೇಟ್‌ಬೋರ್ಡಿನಿಂದ ಬಿದ್ದು ಎಡಗೈ ಮಣಿಕಟ್ಟು ಮುರಿದುಕೊಂಡಿದ್ದಾನೆ, ಪ್ಲಾಸ್ಟರ್ ಹಾಕಿದ್ದಾರೆ, ಆರು ವಾರ ಹಾಗೇ ಇರಬೇಕಂತೆ ಎಂದು ಒಂದೇ ಉಸಿರಿಗೆ ಹೇಳಿ, "ಆ ಹಲಗೆ ತಗೊಳ್ಳೋಕೆ ಈದಿ ಕೊಟ್ಟವನು ನೀನೇ ತಾನೆ? ಬಂದು ನೋಡು" ಅಂದಳು. ಹೋದೆ. ಆ ಮನೆಯಲ್ಲಿ ಅವತ್ತು ಇಬ್ಬರು ಆರೋಪಿಗಳಿದ್ದೆವು. ಒಬ್ಬ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಂಚದ ಮೇಲೆ ಕುಳಿತಿದ್ದ, ಇನ್ನೊಬ್ಬ ಚಹಾದ ಲೋಟ ಹಿಡಿದುಕೊಂಡು ಅವನ ಎದುರಿಗೆ.

ಹುಡುಗನಿಗೆ ಬುದ್ಧಿ ಇಲ್ಲ ಎಂದು ಪಕ್ಕದ ಮನೆಯವರು ಹೇಳಿ ಹೋಗಿದ್ದರು. ಸೈಕಲ್ ಓಡಿಸೋಕೆ ಏನಾಗಿತ್ತು ಎಂದು ಡಾಕ್ಟರು ಕೇಳಿದ್ದರು. ಆಪಾ ಒಳಗೆ ಹೋದ ಮೇಲೆ ಅವನು ನನ್ನ ಕಡೆ ಬಾಗಿ, "ಮಾಮೂ, ನಾನು ಬೀಳಲಿಲ್ಲ. ಚಕ್ರ ನಿಂತುಬಿಡ್ತು" ಎಂದ. ಮಕ್ಕಳ ಇಂಥ ಮಾತನ್ನು ನಾವು ನೆಪ ಎಂದುಕೊಳ್ಳುತ್ತೇವೆ. ಆದರೂ ಸಂಜೆ ಅವನ ಜೊತೆ ಹೋಗಿ ಜಾಗ ನೋಡಿಬಂದೆ. ಪೈಪು ಹಾಕಲು ರಸ್ತೆ ಅಗೆದು, ಮಣ್ಣು ಮುಚ್ಚಿ, ಮೇಲೆ ಜಲ್ಲಿ ಚೆಲ್ಲಿ ಹೋಗಿದ್ದರು. ಆಮೇಲೆ ಅಲ್ಲಿಗೆ ಯಾರೂ ಬಂದಿರಲಿಲ್ಲ. ಮನೆಗೆ ಬಂದು ಹಲಗೆಯನ್ನು ಮಗುಚಿ ನೋಡಿದಾಗ ಬಿಳಿಯ ಚಕ್ರದ ಮೇಲೆ ಎರಡು ಅಂಕಿಗಳು ಕಂಡವು: 52 ಮಿ.ಮೀ. ಮತ್ತು 101ಎ. ಅವುಗಳ ಅರ್ಥ ನನಗೆ ಗೊತ್ತಿರಲಿಲ್ಲ. ಅವನಿಗೂ ಗೊತ್ತಿರಲಿಲ್ಲ. "ಎಲ್ಲರೂ ಅದನ್ನೇ ಹಾಕ್ತಾರೆ" ಎಂದ, ಅಷ್ಟೇ. ಆ ಎರಡು ಅಂಕಿಗಳ ಹಿಂದೆ ಹೋಗಿ ನಾನು ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಬಾಲ್ಯದಲ್ಲಿ ನಮ್ಮೂರಿನ ಲಾರಿ ಗ್ಯಾರೇಜುಗಳ ಹಿಂದೆ ಸವೆದ ಬೇರಿಂಗುಗಳು ಬಿದ್ದಿರುತ್ತಿದ್ದವು. ಗುಜರಿಯವನ ಕಣ್ಣಿಗೆ ಬೀಳುವ ಮೊದಲೇ ನಾವು ಅವನ್ನು ಎತ್ತಿಕೊಂಡು ಬರುತ್ತಿದ್ದೆವು. ಒಂದು ಹಲಗೆ, ಎರಡು ರೀಪು, ಮೂರು ಬೇರಿಂಗು ಇದ್ದರೆ ಗಾಡಿ ಸಿದ್ಧ. ಹಿಂದಿನಿಂದ ಒಬ್ಬ ತಳ್ಳಬೇಕು, ಮೇಲೆ ಒಬ್ಬ ಕೂರಬೇಕು. ಮಸೀದಿಯ ಮುಂದಿನ ಸಿಮೆಂಟು ಜಗಲಿಯ ಮೇಲೆ ಅದು ಹಾರಿದಂತೆ ಓಡುತ್ತಿತ್ತು. ಡಾಂಬರು ರಸ್ತೆಗೆ ಇಳಿದರೆ ಹಲ್ಲುಗಳು ಒಂದಕ್ಕೊಂದು ತಾಗುತ್ತಿದ್ದವು, ಸದ್ದಿಗೆ ಓಣಿಯ ಮುದುಕರೆಲ್ಲ ಹೊರಗೆ ಬಂದು ಬೈಯುತ್ತಿದ್ದರು, ಒಂದು ಸಣ್ಣ ಕಲ್ಲು ಸಿಕ್ಕರೆ ಗಾಡಿ ಅಲ್ಲೇ ನಿಂತು ನಾವು ಮುಂದೆ ಹೋಗುತ್ತಿದ್ದೆವು. ನನ್ನ ಮೊಣಕಾಲಿನಲ್ಲಿ ಈಗಲೂ ಅದರ ಗುರುತಿದೆ. ಉರ್ದು ಪ್ರಾಥಮಿಕ ಶಾಲೆಯಲ್ಲೂ ಆಮೇಲೆ ಕನ್ನಡ ಹೈಸ್ಕೂಲಿನಲ್ಲೂ ಚಕ್ರ ಮನುಷ್ಯನ ಮಹಾ ಶೋಧ ಎಂಬ ಪಾಠ ಓದಿದೆ. ಎರಡೂ ಪಾಠಗಳಲ್ಲಿ ರಸ್ತೆಯ ಸುದ್ದಿ ಇರಲಿಲ್ಲ.

ಕಲ್ಲಿನ ಮುಂದೆ ಚಕ್ರ ಯಾಕೆ ನಿಲ್ಲುತ್ತದೆ? ಲೆಕ್ಕ ಸರಳ. 52 ಮಿ.ಮೀ. ಎಂದರೆ ಚಕ್ರದ ವ್ಯಾಸ. ಅದರ ಅರ್ಧ, ಅಂದರೆ ನೆಲದಿಂದ ಅಚ್ಚಿಗೆ ಇರುವ ಎತ್ತರ, 26 ಮಿ.ಮೀ. ಹೆಚ್ಚುಕಡಿಮೆ ಒಂದು ಅಂಗುಲ. ಅಡ್ಡ ಬಂದ ಜಲ್ಲಿ ಕಾಲು ಅಂಗುಲದ್ದಾದರೂ ಚಕ್ರ ತನ್ನ ಅಚ್ಚಿನ ಎತ್ತರದ ಕಾಲು ಭಾಗವನ್ನು ಒಂದೇ ಏಟಿಗೆ ಹತ್ತಬೇಕು. ಅದೇ ಕಲ್ಲು ಸೈಕಲ್ಲಿನ ಚಕ್ರಕ್ಕೆ ಸುಮಾರು ಐವತ್ತರಲ್ಲಿ ಒಂದು ಪಾಲು. ಸೈಕಲ್ಲು ಅದನ್ನು ಗಮನಿಸುವುದೂ ಇಲ್ಲ. ಇನ್ನು ಆ ಪುಟ್ಟ ಚಕ್ರ ಕಲ್ಲಿನಷ್ಟೇ ಗಟ್ಟಿಯಾಗಿದ್ದರೆ ಒಂದಿಷ್ಟೂ ಬಾಗುವುದಿಲ್ಲ, ಹಲಗೆಯನ್ನೂ ಮೇಲೆ ನಿಂತವನನ್ನೂ ಸೇರಿಸಿ ಪೂರ್ತಿ ಭಾರವನ್ನು ಮೇಲೆತ್ತಬೇಕು. ಎತ್ತಲಾಗದಿದ್ದರೆ ಹಲಗೆ ನಿಲ್ಲುತ್ತದೆ. ಮೇಲಿನ ಹುಡುಗ ನಿಲ್ಲುವುದಿಲ್ಲ. ಬೀಳುವವನು ಮೊದಲು ಕೈ ಊರುತ್ತಾನೆ, ಆದ್ದರಿಂದ ಮುರಿಯುವುದು ಮಣಿಕಟ್ಟು. ನನ್ನ ಸೋದರಳಿಯ ಹೇಳಿದ್ದು ನೆಪವಾಗಿರಲಿಲ್ಲ.

ಈ ಆಟ ಹುಟ್ಟಿದ್ದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, 1950ರ ದಶಕದ ಹೊತ್ತಿಗೆ. ಸಮುದ್ರದಲ್ಲಿ ಅಲೆ ಇಲ್ಲದ ದಿನ ಏನು ಮಾಡುವುದು ಎಂದು ತಿಳಿಯದ ಹುಡುಗರು ರೋಲರ್ ಸ್ಕೇಟನ್ನು ಎರಡಾಗಿ ಬಿಚ್ಚಿ, ಹಲಗೆಯ ಕೆಳಗೆ ಮೊಳೆ ಹೊಡೆದು, ರಸ್ತೆಯ ಮೇಲೆ ಅಲೆ ಸವಾರಿ ಮಾಡಿದರು. ಚಕ್ರ ಉಕ್ಕಿನದು, ನಮ್ಮ ಬೇರಿಂಗ್ ಗಾಡಿಯ ಒಡಹುಟ್ಟು ಎನ್ನಬಹುದು. ಅರವತ್ತರ ದಶಕಕ್ಕೆ ಕಂಪನಿಗಳು ಬಂದವು, 1963ರಲ್ಲಿ ಹರ್ಮೋಸಾ ಬೀಚಿನಲ್ಲಿ ಸ್ಪರ್ಧೆಯೂ ನಡೆಯಿತು. ಆಗ ಬಂದದ್ದು 'ಕ್ಲೇ' ಚಕ್ರ. ಹೆಸರು ಮಣ್ಣಿನದಾದರೂ ಕುಂಬಾರನಿಗೂ ಅದಕ್ಕೂ ಸಂಬಂಧವಿಲ್ಲ. ಪ್ಲಾಸ್ಟಿಕ್, ಕಾಗದ, ಅಕ್ರೋಟಿನ ಚಿಪ್ಪಿನ ಪುಡಿ ಇಂಥವನ್ನು ಕಲಸಿ ಒತ್ತಿ ಮಾಡಿದ ಗಟ್ಟಿ ಬಿಲ್ಲೆ ಅದು. ಅದನ್ನು ಮಾಡಿದ್ದು ರೋಲರ್ ಸ್ಕೇಟಿಂಗ್ ನಡೆಯುವ ಒಳಾಂಗಣಗಳಿಗೆ, ನಯವಾದ ಮರದ ನೆಲಕ್ಕೆ. ಅಂದರೆ ಹಾಲಿನ ಚಕ್ರವನ್ನು ತಂದು ಬೀದಿಗೆ ಬಿಟ್ಟರು. ಬೀದಿಯಲ್ಲಿ ಅದು ಹಿಡಿತ ಕೊಡುತ್ತಿರಲಿಲ್ಲ, ತಿರುವಿನಲ್ಲಿ ಜಾರುತ್ತಿತ್ತು, ಅಂಚು ಒಡೆಯುತ್ತಿತ್ತು, ಕಲ್ಲು ಕಂಡಲ್ಲಿ ನಿಲ್ಲುತ್ತಿತ್ತು.

ಮಕ್ಕಳು ಬಿದ್ದರು. ಕೈಕಾಲು ಮುರಿದವು, ಕೆಲವು ಜೀವಗಳೂ ಹೋದವು. 1965ರ ಮೇ ತಿಂಗಳಲ್ಲಿ 'ಲೈಫ್' ಪತ್ರಿಕೆ ತಲೆ ಕೆಳಗೆ ಮಾಡಿ ಹಲಗೆಯ ಮೇಲೆ ಕೈಯೂರಿ ನಿಂತ ಪ್ಯಾಟ್ ಮೆಗೀ ಎಂಬ ಯುವತಿಯ ಚಿತ್ರವನ್ನು ಮುಖಪುಟದಲ್ಲಿ ಹಾಕಿ, ಇದು ಹುಚ್ಚು ಮತ್ತು ಪಿಡುಗು ಎಂಬರ್ಥದ ತಲೆಬರಹ ಕೊಟ್ಟಿತು. ವೈದ್ಯರು ಎಚ್ಚರಿಸಿದರು, ಪೊಲೀಸರು ಹಲಗೆ ಕಸಿದುಕೊಂಡರು, ಹಲವು ನಗರಗಳು ಬೀದಿಯಲ್ಲಿ ಸ್ಕೇಟ್‌ಬೋರ್ಡನ್ನು ನಿಷೇಧಿಸಿದವು. ಆ ವರ್ಷ ಮುಗಿಯುವಷ್ಟರಲ್ಲಿ ಅಂಗಡಿಗಳಲ್ಲಿ ಮಾಲು ಮಾರಾಟವಾಗದೆ ಉಳಿಯಿತು. ಮಕ್ಕಳ ಹುಡುಗಾಟ, ತಂದೆತಾಯಿಯ ಸಲಿಗೆ, ಕಾಲದ ಕೇಡು ಎಂದು ಕಾರಣಗಳ ಪಟ್ಟಿ ಬೆಳೆಯಿತು. ಚಕ್ರವನ್ನು ತಿರುಗಿಸಿ ನೋಡಿದವರು ಕಡಿಮೆ. ಆಪಾಳ ಮನೆಯಲ್ಲಿ ಅವತ್ತು ಆದದ್ದೂ ಅದೇ.

ಹಾಗೆ ನೋಡಿದವರು ಚರಿತ್ರೆಯಲ್ಲಿ ಇರಲೇ ಇಲ್ಲ ಎಂದಲ್ಲ. ಇಲ್ಲಿ ಒಂದು ಹಳೆಯ ಸಂಗತಿ ಹೇಳಬೇಕು. ಐರ್ಲೆಂಡಿನ ಬೆಲ್‌ಫಾಸ್ಟಿನಲ್ಲಿ ಜಾನ್ ಬಾಯ್ಡ್ ಡನ್ಲಪ್ ಎಂಬ ಸ್ಕಾಟ್ಲೆಂಡಿನ ಪಶುವೈದ್ಯರಿದ್ದರು. ಅವರ ಪುಟ್ಟ ಮಗನಿಗೆ ಮೂರು ಚಕ್ರದ ಸೈಕಲ್ಲಿತ್ತು. ಗಟ್ಟಿ ಚಕ್ರದ ಆ ಸೈಕಲ್ಲು ಊರಿನ ಒರಟು ರಸ್ತೆಯಲ್ಲಿ ಹುಡುಗನ ಮೈಯನ್ನು ಕುಲುಕಿಬಿಡುತ್ತಿತ್ತು. ಡನ್ಲಪ್ ಮಗನಿಗೆ ಮನೆಯಲ್ಲೇ ಇರು ಎನ್ನಲಿಲ್ಲ. ರಬ್ಬರಿನ ಕೊಳವೆಗೆ ಗಾಳಿ ತುಂಬಿ ಚಕ್ರದ ಸುತ್ತ ಕಟ್ಟಿದರು. 1888ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಗಾಳಿ ಚಕ್ರದ ಕಲ್ಪನೆ ರಾಬರ್ಟ್ ಥಾಮ್ಸನ್ ಎಂಬಾತನಿಗೆ ನಲವತ್ತು ವರ್ಷ ಮೊದಲೇ ಹೊಳೆದಿತ್ತಂತೆ, ಅದು ಬೇರೆ ಮಾತು. ನಮ್ಮ ಹಳ್ಳಿಗಳಲ್ಲಿ ಕಬ್ಬಿಣದ ಪಟ್ಟಿಯ ಎತ್ತಿನ ಗಾಡಿ ಹೋಗಿ ರಬ್ಬರ್ ಟೈರಿನ ಗಾಡಿ ಬಂದಾಗ ಅದನ್ನು ಎಷ್ಟೋ ಕಡೆ ಡನ್ಲಪ್ ಗಾಡಿ ಎಂದೇ ಕರೆದರು. ಆ ಹೆಸರಿನ ಹಿಂದೆ ಕುಲುಕಿಗೆ ಬೇಸತ್ತ ಒಬ್ಬ ಚಿಕ್ಕ ಹುಡುಗನಿದ್ದಾನೆ ಎಂಬುದು ನನಗೆ ಈಚೆಗಷ್ಟೇ ತಿಳಿಯಿತು.

ಸ್ಕೇಟ್‌ಬೋರ್ಡಿನ ಪುಟ್ಟ ಚಕ್ರಕ್ಕೆ ಗಾಳಿ ತುಂಬುವುದು ನಡೆಯುವ ಕೆಲಸವಲ್ಲ. ಅದಕ್ಕೆ ಬೇಕಾದದ್ದು ರಬ್ಬರಿನಂತೆ ಮೆದುವಾಗಿದ್ದು ರಬ್ಬರಿಗಿಂತ ನಿಧಾನವಾಗಿ ಸವೆಯುವ ಒಂದು ಪದಾರ್ಥ. ಆ ಪದಾರ್ಥ ಆಗಲೇ ಇತ್ತು. ಜರ್ಮನಿಯ ಲೆವರ್‌ಕೂಸೆನ್‌ನಲ್ಲಿ ಆಟೋ ಬಾಯರ್ ಮತ್ತು ಅವರ ಸಂಗಡಿಗರು 1937ರಲ್ಲಿ ಪಾಲಿಯುರಿಥೇನ್ ಕಂಡುಹಿಡಿದಿದ್ದರು. ನಾವು ಮಲಗುವ ಫೋಮ್ ಹಾಸಿಗೆಯಿಂದ ಹಿಡಿದು ಚಪ್ಪಲಿಯ ಅಟ್ಟೆಯವರೆಗೆ ಇಂದು ಅದು ಎಲ್ಲ ಕಡೆ ಇದೆ. ಅಮೆರಿಕದ ವರ್ಜೀನಿಯಾ ರಾಜ್ಯದ ಪರ್ಸೆಲ್‌ವಿಲ್ ಎಂಬ ಊರಿನಲ್ಲಿ ಕ್ರಿಯೇಟಿವ್ ಯುರಿಥೇನ್ಸ್ ಎಂಬ ಕಾರ್ಖಾನೆ ಆ ವಸ್ತುವಿನಿಂದ ರೋಲರ್ ಸ್ಕೇಟಿನ ಚಕ್ರ ಮಾಡುತ್ತಿತ್ತು. ಅದು ಬಾಡಿಗೆ ಸ್ಕೇಟುಗಳಿಗಾಗಿ, ಹೊಸದಾಗಿ ಕಲಿಯುವವರು ಜಾರಬಾರದೆಂದು. ಆದರೆ ನಯವಾದ ನೆಲದ ಮೇಲೆ ಮೆದು ಚಕ್ರ ನಿಧಾನ, ಹಾಗಾಗಿ ಪಳಗಿದವರು ಅದನ್ನು ಮುಟ್ಟುತ್ತಿರಲಿಲ್ಲ.

1970ರಲ್ಲಿ ಫ್ರಾಂಕ್ ನ್ಯಾಸ್‌ವರ್ದಿ ಎಂಬ ತರುಣ ಗೆಳೆಯನೊಬ್ಬನ ಜೊತೆ ಆ ಕಾರ್ಖಾನೆಗೆ ಹೋದ. ಮೂಲೆಯಲ್ಲಿ ಬಿದ್ದಿದ್ದ ಚಕ್ರಗಳನ್ನು ಕಂಡು ತಮ್ಮ ಹಳೆಯ ಹಲಗೆಗೆ ಹಾಕಿ ನೋಡಿದರೆ ಹೇಗೆ ಎಂದುಕೊಂಡ. ನೋಡಿದ. ರಸ್ತೆಯೇ ಬದಲಾದಂತಾಯಿತು. ಸದ್ದು ಇಳಿಯಿತು, ತಿರುವಿನಲ್ಲಿ ಹಲಗೆ ನೆಲ ಬಿಡಲಿಲ್ಲ, ಸಣ್ಣ ಕಲ್ಲುಗಳನ್ನು ಚಕ್ರ ತನ್ನ ಮೈಯೊಳಗೆ ಒತ್ತಿಕೊಂಡು ದಾಟಿತು. ಮುಂದಿನ ವರ್ಷ ಅವನು ಕ್ಯಾಲಿಫೋರ್ನಿಯಾದ ಎನ್ಸಿನಿಟಾಸ್‌ಗೆ ಹೋದ. ಅಲ್ಲಿ ನೋಡಿದರೆ ಹುಡುಗರು ಇನ್ನೂ ಅದೇ ಕ್ಲೇ ಚಕ್ರದ ಮೇಲೆ ಬೀಳುತ್ತಿದ್ದರು. ಹೋಟೆಲಿನಲ್ಲಿ ದುಡಿದು ಉಳಿಸಿದ ಕೆಲವು ನೂರು ಡಾಲರು ಅವನ ಬಂಡವಾಳ. ಪರ್ಸೆಲ್‌ವಿಲ್‌ನ ಕಾರ್ಖಾನೆಗೇ ಆರ್ಡರು ಕೊಟ್ಟು ಸ್ಕೇಟ್‌ಬೋರ್ಡಿಗೆಂದೇ ಚಕ್ರ ಮಾಡಿಸಿದ. ಮೆತ್ತನೆಯ ಸವಾರಿಗೆ ಹೆಸರಾದ ದುಬಾರಿ ಕಾರಿನ ನೆನಪು ಬರಲೆಂದು ಅದಕ್ಕೆ 'ಕ್ಯಾಡಿಲ್ಯಾಕ್' ಎಂದು ಹೆಸರಿಟ್ಟ. ಮೊದಮೊದಲು ಅಂಗಡಿಯವರು ತಿರುಗಿ ನೋಡಲಿಲ್ಲ, ಸತ್ತುಹೋದ ಆಟಕ್ಕೆ ಹೊಸ ಚಕ್ರ ಯಾಕೆಂದರು. ಅವನು ಹುಡುಗರ ಕೈಗೇ ಕೊಟ್ಟು ಓಡಿಸಿ ನೋಡಿ ಎಂದ. 1973ರಿಂದ ಎರಡು ಮೂರು ವರ್ಷಗಳಲ್ಲಿ ಸತ್ತ ಆಟ ಎದ್ದು ನಿಂತಿತು. ಹಾಲಿನವರು ಬೇಡವೆಂದು ಬಿಟ್ಟ ಚಕ್ರ ಬೀದಿಯವರ ಪಾಲಿಗೆ ಬಂದದ್ದು ಹೀಗೆ.

ಚಕ್ರದ ಹೊಟ್ಟೆಯಲ್ಲಿ ಇನ್ನೊಂದು ತೊಂದರೆ ಉಳಿದಿತ್ತು. ಬೇರಿಂಗಿನ ಗುಂಡುಗಳು ಬಿಡಿಬಿಡಿಯಾಗಿದ್ದು, ನಟ್ಟು ಸಡಿಲವಾದರೆ ಓಡುತ್ತಿರುವಾಗಲೇ ರಸ್ತೆ ತುಂಬ ಚೆಲ್ಲುತ್ತಿದ್ದವು. ಎಪ್ಪತ್ತರ ದಶಕದ ನಡುವೆ 'ರೋಡ್ ರೈಡರ್' ಎಂಬ ಚಕ್ರ ಮುಚ್ಚಿದ ಬೇರಿಂಗಿನೊಂದಿಗೆ ಬಂದು ಆ ಕಾಟ ತಪ್ಪಿಸಿತು. ಅಲ್ಲಿಂದೀಚೆಗೆ ರೂಢಿಗೆ ಬಂದ 608 ಎಂಬ ಬೇರಿಂಗಿನ ಅಳತೆ ಇಂದಿಗೂ ಬದಲಾಗಿಲ್ಲ: ಒಳಗಿನ ತೂತು 8 ಮಿ.ಮೀ., ಹೊರಮೈ 22, ದಪ್ಪ 7.

ಈ ಹೊಸ ಚಕ್ರದ ಮೇಲೆ ಮೊದಲು ಮೆರೆದವರು ಶ್ರೀಮಂತರ ಮಕ್ಕಳಲ್ಲ. ಸಾಂತಾ ಮೋನಿಕಾದ ದಕ್ಷಿಣ ಭಾಗ ಮತ್ತು ವೆನಿಸ್ ಸೇರಿ 'ಡಾಗ್‌ಟೌನ್' ಎಂದು ಕರೆಸಿಕೊಂಡ ಬಡ ಬಡಾವಣೆ ಅದು, ಪಾಳುಬಿದ್ದ ಮನರಂಜನಾ ಕಟ್ಟೆಯ ಕೆಳಗೆ ಅಲೆ ಸವಾರಿ ಮಾಡುತ್ತಿದ್ದ ಹುಡುಗರದ್ದು. ಜೆಫ್ರಿ ಹೋ ಮತ್ತು ಸಂಗಡಿಗರ ಝೆಫಿರ್ ಅಂಗಡಿಯ ತಂಡದಲ್ಲಿ ಟೋನಿ ಆಲ್ವಾ, ಜೇ ಆಡಮ್ಸ್, ಸ್ಟೇಸಿ ಪೆರಾಲ್ಟಾ, ಪೆಗ್ಗಿ ಓಕಿ ಇದ್ದರು. ಶಾಲೆಗಳ ಅಂಗಳದ ಡಾಂಬರು ಇಳಿಜಾರುಗಳಲ್ಲಿ ಅವರು ಕಲಿತರು. ಮೆದು ಚಕ್ರ ಇಲ್ಲದಿದ್ದರೆ ಆ ಇಳಿಜಾರಿನಲ್ಲಿ ನೆಲಕ್ಕೆ ಕೈ ತಾಗಿಸುವಷ್ಟು ಬಾಗಲು ಸಾಧ್ಯವೇ ಇರಲಿಲ್ಲ. 1975ರ ಡೆಲ್ ಮಾರ್ ಸ್ಪರ್ಧೆಯಲ್ಲಿ ಅವರನ್ನು ಕಂಡವರು ಇದೇ ಆಟವೇ ಎಂದು ಬೆರಗಾದರು. 1976 ಮತ್ತು 77ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ಬರ ಬಂತು. ಮನೆಗಳ ಈಜುಕೊಳಗಳು ಬತ್ತಿದವು. ಹುಡುಗರು ಗೋಡೆ ಹಾರಿ ಆ ಬಟ್ಟಲುಗಳಿಗೆ ಇಳಿದರು.

ಕಥೆ ತಿರುಗಿದ್ದು ಇಲ್ಲಿಂದ. ಈಜುಕೊಳದ ಗಾರೆ ನಯ. ನಯವಾದ ನೆಲದಲ್ಲಿ ಮೆದು ಚಕ್ರ ಹಿಡಿದೆಳೆದಂತಾಗುತ್ತದೆ, ಒತ್ತಿದಾಗ ಕುಗ್ಗಿ ಮತ್ತೆ ಅರಳುವಾಗ ಒಂದಿಷ್ಟು ಶಕ್ತಿ ಬಿಸಿಯಾಗಿ ಕಳೆದುಹೋಗುತ್ತದೆ. ಗಟ್ಟಿ ಚಕ್ರ ಕುಗ್ಗುವುದಿಲ್ಲ, ಕಳೆದುಕೊಳ್ಳುವುದೂ ಕಡಿಮೆ. ಹೀಗಾಗಿ ಬೇರೆ ಬೇರೆ ನೆಲಕ್ಕೆ ಬೇರೆ ಬೇರೆ ಗಡಸಿನ ಚಕ್ರ ಬಂದವು. ಕ್ರಿಪ್ಟಾನಿಕ್ಸ್ ಕಂಪನಿ ಬಣ್ಣದಲ್ಲೇ ಗುರುತು ಇಟ್ಟಿತು: ಕೆಂಪು ಮೆದು, ನೀಲಿ ನಡುವಿನದು, ಹಸಿರು ಗಟ್ಟಿ. ಅಳತೆಗೆ ಬಳಸಿದ್ದು ಆಲ್ಬರ್ಟ್ ಶೋರ್ ಎಂಬಾತ 1920ರ ದಶಕದಲ್ಲಿ ಮಾಡಿದ ಸಾಧನ. ಉಕ್ಕಿನ ಮೊನೆಯೊಂದನ್ನು ಸ್ಪ್ರಿಂಗಿನ ಬಲದಿಂದ ವಸ್ತುವಿಗೆ ಒತ್ತಿ ಎಷ್ಟು ಇಳಿಯಿತೆಂದು ನೋಡುವುದು. ಪೂರ್ತಿ ಇಳಿದರೆ ಸೊನ್ನೆ, ಇಳಿಯದಿದ್ದರೆ ನೂರು. ನಮ್ಮ ಹುಡುಗನ ಚಕ್ರದ ಮೇಲಿದ್ದ 'ಎ' ಆ ಮಾಪನದ ಹೆಸರು. ಕಾರಿನ ಟೈರು ಅದರಲ್ಲಿ ಅರವತ್ತು ಎಪ್ಪತ್ತರ ಆಸುಪಾಸು. ನೂರಕ್ಕೆ ಮುಗಿಯುವ ಮಾಪನದಲ್ಲಿ 101 ಹೇಗೆ ಬಂತು ಎಂದು ನೀವು ಕೇಳಬಹುದು. ನಾನೂ ಕೇಳಿದೆ. ಅದು ಅಂಗಡಿಯ ಲೆಕ್ಕ, ಮೊನೆ ಇಳಿಯದಷ್ಟು ಗಟ್ಟಿ ಎಂದು ಹೇಳುವ ರೀತಿ. ಕೆಲವು ತಯಾರಕರು ನಾಚಿಕೊಂಡು 'ಬಿ' ಎಂಬ ಇನ್ನೊಂದು ಮಾಪನಕ್ಕೆ ಹೋಗಿದ್ದಾರೆ.

ಎಪ್ಪತ್ತರ ಕೊನೆಗೆ ಅಮೆರಿಕದಲ್ಲಿ ಕಾಂಕ್ರೀಟಿನ ಸ್ಕೇಟ್ ಪಾರ್ಕುಗಳು ಎದ್ದವು, ವಿಮೆಯ ಹೊರೆ ತಾಳದೆ ಬಹುಪಾಲು ಮುಚ್ಚಿದವು. ನಾರ್ವೆ ದೇಶ 1978ರಲ್ಲಿ ಸ್ಕೇಟ್‌ಬೋರ್ಡನ್ನೇ ನಿಷೇಧಿಸಿ 1989ರವರೆಗೆ ನಿಷೇಧ ಎತ್ತಲಿಲ್ಲ. ಪಾರ್ಕು ಕಳೆದುಕೊಂಡವರು ಬೀದಿಗೆ ಮರಳಿದರು. 1982ರಲ್ಲಿ ಫ್ಲಾರಿಡಾದ ರಾಡ್ನಿ ಮಲ್ಲೆನ್ ಸಮತಟ್ಟು ನೆಲದಲ್ಲೇ, ಕೈ ಹಚ್ಚದೆ, ಹಲಗೆಯನ್ನು ಕಾಲಿಗೆ ಅಂಟಿಸಿಕೊಂಡಂತೆ ನೆಗೆಯುವುದನ್ನು ಸಾಧಿಸಿದ ಮೇಲೆ ಮೆಟ್ಟಿಲು, ಬೆಂಚು, ಕಂಬಿ ಎಲ್ಲವೂ ಆಟದ ಸಾಮಾನಾದವು. ಬೀದಿಗೆ ಬಂದರು ಎಂದಾಗ ಚಕ್ರ ಮೆದುವಾಗಬೇಕಿತ್ತಲ್ಲ? ಆದದ್ದು ಉಲ್ಟಾ. ನೆಗೆದು ಹಲಗೆ ತಿರುಗಿಸಲು ಚಕ್ರ ಹಗುರವಾಗಿರಬೇಕು, ಅಡ್ಡಲಾಗಿ ಜಾರಲು ಗಟ್ಟಿಯಾಗಿರಬೇಕು. ಎಂಬತ್ತರ ದಶಕದಲ್ಲಿ 60 ಮಿ.ಮೀ. ಇದ್ದ ಚಕ್ರ ತೊಂಬತ್ತರ ಆರಂಭಕ್ಕೆ 40ಕ್ಕೆ, ಕೆಲವು 38ಕ್ಕೆ ಇಳಿದವು. ಆ ಕಾಲದ ಹುಡುಗರು ಬೇರಿಂಗಿನ ಸುತ್ತ ಒಂದು ಪದರ ಪ್ಲಾಸ್ಟಿಕ್ ಸುತ್ತಿಕೊಂಡು ಓಡಾಡುತ್ತಿದ್ದರು ಎನ್ನಬೇಕು. ಸಾನ್‌ಫ್ರಾನ್ಸಿಸ್ಕೋದ ಎಂಬಾರ್ಕಡೆರೋ ಚೌಕದಲ್ಲಿ ಇಟ್ಟಿಗೆ ಹಾಸಿನ ಮೇಲೆ ಅಂಥ ಚಕ್ರದಲ್ಲಿ ಅವರು ಮಾಡಿದ ಕಸರತ್ತು ಇಂದಿಗೂ ದಂತಕಥೆ. ಅದೊಂದು ಫ್ಯಾಷನ್, ಕೆಲವೇ ವರ್ಷಗಳಲ್ಲಿ ಮುಗಿಯಿತು. ಅಳತೆ 50ರ ಮೇಲಕ್ಕೆ ಬಂತು, ಗಡಸು ಮಾತ್ರ ಇಳಿಯಲಿಲ್ಲ.

ಇಳಿಯದಿರಲು ಕಾರಣ ಅವರು ಆರಿಸಿಕೊಂಡ ಬೀದಿಗಳು. ಆ ಬೀದಿ ನಮ್ಮ ನಿಮ್ಮ ಮನೆ ಮುಂದಿನದಲ್ಲ. ಅದು ನಗರದ ನಡುವಿನ ಗ್ರಾನೈಟ್ ಚೌಕ, ಬ್ಯಾಂಕಿನ ಮುಂದಿನ ಅಮೃತಶಿಲೆಯ ಕಟ್ಟೆ, ಮ್ಯೂಸಿಯಮ್ಮಿನ ಅಂಗಳ. ಫಿಲಡೆಲ್ಫಿಯಾದ ಲವ್ ಪಾರ್ಕ್ ಅಂಥದ್ದು. ಅದರ ನುಣುಪು ಹಾಸುಗಲ್ಲನ್ನು ಹುಡುಗರು ಮೆಕ್ಕಾದಂತೆ ಕಂಡರು ಎಂದು ಅಲ್ಲಿನವರು ಬರೆಯುತ್ತಾರೆ, ಅಲ್ಲಿನವರ ಹೋಲಿಕೆ ಅದು, ನನ್ನದಲ್ಲ. 2002ರಲ್ಲಿ ನಗರಾಡಳಿತ ಅಲ್ಲಿ ಸ್ಕೇಟಿಂಗನ್ನು ಕಟ್ಟುನಿಟ್ಟಾಗಿ ತಡೆದಾಗ, ಆ ಚೌಕದ ಕಲ್ಪನೆಯ ಹಿಂದಿದ್ದ ನಗರ ಯೋಜಕ ಎಡ್ಮಂಡ್ ಬೇಕನ್ ತಮ್ಮ 92ನೇ ವಯಸ್ಸಿನಲ್ಲಿ ಹೆಲ್ಮೆಟ್ ಹಾಕಿಕೊಂಡು, ಇಬ್ಬರ ಆಸರೆಯಲ್ಲಿ, ಅಲ್ಲಿಯೇ ಸ್ಕೇಟ್‌ಬೋರ್ಡ್ ಏರಿ ಪ್ರತಿಭಟಿಸಿದರು. 2016ರಲ್ಲಿ ಚೌಕವನ್ನು ಕೆಡವಿ ಹೊಸದಾಗಿ ಕಟ್ಟತೊಡಗಿದಾಗ ಹಳೆಯ ಕಲ್ಲುಗಳಲ್ಲಿ ಕೆಲವನ್ನು ಸ್ವೀಡನ್ನಿನ ಮಾಲ್ಮೋ ನಗರ ಪ್ರೀತಿಯಿಂದ ತರಿಸಿಕೊಂಡಿತು. ಟೋಕಿಯೋ ಒಲಿಂಪಿಕ್ಸ್ 2021ರಲ್ಲಿ ನಡೆದಾಗ ಸ್ಕೇಟ್‌ಬೋರ್ಡಿಂಗ್ ಮೊದಲ ಬಾರಿ ಸೇರಿತು, ಅದರಲ್ಲಿ ಒಂದು ವಿಭಾಗದ ಹೆಸರೇ 'ಸ್ಟ್ರೀಟ್'. ಮೆಟ್ಟಿಲು, ಕಂಬಿ ಎಲ್ಲ ಇದ್ದವು. ಒಂದು ಜಲ್ಲಿಕಲ್ಲೂ ಇರಲಿಲ್ಲ. 101ಎ ಎಂಬ ಅಂಕಿ ಬರೆದದ್ದು ಅಂಥ ಬೀದಿಗಾಗಿ. ಅದು ಬೆಂಗಳೂರಿನ ಹಳೆಯ ಬಡಾವಣೆಯೊಂದರ ಓಣಿಗೆ ಬಂದದ್ದು ವೀಡಿಯೋ ನೋಡಿ, ಅಂಗಡಿಯವನ ಮಾತು ಕೇಳಿ.

ಯಾವ ಚಕ್ರವೂ ಒಗ್ಗದ ಬೀದಿಗಳೂ ಲೋಕದಲ್ಲಿವೆ. 2007ರಲ್ಲಿ ಆಲಿವರ್ ಪರ್ಕೋವಿಚ್ ಎಂಬ ಆಸ್ಟ್ರೇಲಿಯನ್ ಕಾಬೂಲಿಗೆ ಹೋದಾಗ ಅವನ ಬಳಿ ಮೂರು ಸ್ಕೇಟ್‌ಬೋರ್ಡುಗಳಿದ್ದವು. ಯುದ್ಧದಲ್ಲಿ ಜರ್ಜರಿತವಾದ ಊರು, ರಸ್ತೆ ಎಂದರೆ ಧೂಳು ಮತ್ತು ಗುಂಡಿ. ಮಕ್ಕಳು ಓಡಿಸಿ ಕಲಿತದ್ದು ಮೆಕ್ರೊಯಾನ್ ಎಂಬ ಬಡಾವಣೆಯ ನೀರು ಬತ್ತಿದ ಕಾರಂಜಿಯ ಬಟ್ಟಲಿನಲ್ಲಿ. ಕ್ಯಾಲಿಫೋರ್ನಿಯಾದ ಬತ್ತಿದ ಈಜುಕೊಳ ನೆನಪಾಗುವುದಿಲ್ಲವೇ? ಅಲ್ಲಿ ನೀರು ಬತ್ತಿಸಿದ್ದು ಬರ, ಇಲ್ಲಿ ಯುದ್ಧ. ಹೆಣ್ಣುಮಕ್ಕಳು ಸೈಕಲ್ ಹತ್ತಿದರೆ ಹಿರಿಯರು ಒಪ್ಪುತ್ತಿರಲಿಲ್ಲ, ಆದರೆ ಈ ಹಲಗೆ ಏನೆಂದೇ ಯಾರಿಗೂ ಗೊತ್ತಿರದ ಕಾರಣ ಬೇಡವೆನ್ನಲು ಯಾರಿಗೂ ಹೊಳೆಯಲಿಲ್ಲ. ಅದರಿಂದ 'ಸ್ಕೇಟಿಸ್ತಾನ್' ಎಂಬ ಸಂಸ್ಥೆ ಬೆಳೆಯಿತು. 2009ರಲ್ಲಿ ಕಾಬೂಲಿನಲ್ಲಿ ಸೂರು ಇರುವ ಪಾರ್ಕು ಎದ್ದಿತು. ಅಲ್ಲಿ ಹಲಗೆಯ ಜೊತೆಗೆ ಪಾಠವೂ ಇತ್ತು. ಅಲ್ಲಿನ ಹುಡುಗಿಯರ ಬಗ್ಗೆ ತೆಗೆದ ಕಿರು ಸಾಕ್ಷ್ಯಚಿತ್ರ 2020ರಲ್ಲಿ ಆಸ್ಕರ್ ಪಡೆಯಿತು. 2021ರ ಆಗಸ್ಟಿನಲ್ಲಿ ತಾಲಿಬಾನ್ ಅಧಿಕಾರ ಹಿಡಿದಾಗ ಆ ತರಗತಿಗಳು ನಿಂತವು. ಸೂರಿನ ಕೆಳಗಿನ ನಯವಾದ ನೆಲದಲ್ಲಿ ಮಾತ್ರ ಓಡಲು ಸಾಧ್ಯವಿದ್ದ ಚಕ್ರಗಳು ಅವು, ಬೀದಿಗೆ ಬರುವ ದಾರಿ ಮೊದಲೂ ಇರಲಿಲ್ಲ.

ಬೆಂಗಳೂರಿನಲ್ಲಿ 2013ರಲ್ಲಿ ಹೋಲಿಸ್ಟೋಕ್ಡ್ ಎಂಬ ತಂಡದ ಹುಡುಗರು ಹೊರದೇಶದ ಸ್ಕೇಟರುಗಳೊಂದಿಗೆ ಸೇರಿ ಕಾಂಕ್ರೀಟಿನ ಪಾರ್ಕೊಂದನ್ನು ಕೈಯಾರೆ ಕಟ್ಟಿದರು. ಸಂತೋಷ. ಆದರೆ ದಿನಾ ಪಾರ್ಕಿಗೆ ಹೋಗಿಬರಲು ಎಲ್ಲ ಮಕ್ಕಳಿಗೂ ಬಸ್ಸಿನ ಹಣ, ಬಿಡುವು ಇರುವುದಿಲ್ಲ. ಅವರಿಗೆ ಇರುವುದು ಮನೆ ಮುಂದಿನ ನೆಲ. ಪ್ಲಾಸ್ಟರ್ ಬಿಚ್ಚಿದ ಮೇಲೆ ನಾನು ಮತ್ತು ಹುಡುಗ ಒಂದು ಬೆಳಿಗ್ಗೆ ಅವನ ದಾರಿಯನ್ನು ನಡೆದೇ ನೋಡಿದೆವು. ಮನೆಯಿಂದ ಮುಖ್ಯರಸ್ತೆಗೆ ಅರ್ಧ ಕಿಲೋಮೀಟರಿಲ್ಲ. ಅಷ್ಟರಲ್ಲಿ ಚರಂಡಿಯ ಮೇಲಿನ ಕಲ್ಲು ಚಪ್ಪಡಿ, ನಡುನಡುವೆ ಎರಡು ಬೆರಳು ಸಂದು. ಎದ್ದು ನಿಂತ ಇಂಟರ್‌ಲಾಕ್ ಟೈಲ್ಸು. ಜಲ್ಲಿ ಹೊರಗೆ ಕಾಣುವ ಹಳೆಯ ಡಾಂಬರು. ಮೂರು ಚೇಂಬರ್ ಮುಚ್ಚಳ, ಎರಡು ಮೇಲೆ, ಒಂದು ಕೆಳಗೆ. ಕೊನೆಗೆ ವೈಟ್ ಟಾಪಿಂಗ್ ಮಾಡಿದ ಮುಖ್ಯರಸ್ತೆ, ಅದರ ಮೈಮೇಲೆ ಬಾಚಣಿಗೆಯಿಂದ ಎಳೆದಂಥ ಗೀರುಗಳು. ಗಟ್ಟಿ ಚಕ್ರ ವೇಗದ್ದು ಎಂಬ ಮಾತು ಈ ದಾರಿಯಲ್ಲಿ ಸುಳ್ಳು. ಪ್ರತಿ ಉಬ್ಬಿನಲ್ಲೂ ಅದು ಭಾರವನ್ನು ಎತ್ತಿ ಇಳಿಸುತ್ತದೆ, ಓಟದ ಶಕ್ತಿ ಕುಲುಕಿಗೂ ಸದ್ದಿಗೂ ಹೋಗುತ್ತದೆ. ಮೆದು ಚಕ್ರ ಕಲ್ಲಿಗೆ ತನ್ನ ಮೈಯಲ್ಲಿ ಒಂದು ಕ್ಷಣ ಜಾಗ ಕೊಟ್ಟು ಮುಂದೆ ಹೋಗುತ್ತದೆ.

ಇಂಥ ದಾರಿಗೆ ಯಾವುದು ಸರಿ ಎಂದು ಕೇಳಿದರೆ, ಬರೀ ಓಡಾಟಕ್ಕಾದರೆ 60 ಮಿ.ಮೀ. ಅಥವಾ ಮೇಲಿನದು, ಗಡಸು 78ಎ ಸುತ್ತಮುತ್ತ. ನೆಗೆತ ತಿರುವು ಎರಡೂ ಬೇಕೆಂದರೆ 54ರಿಂದ 56, ಗಡಸು ಎಂಬತ್ತರಿಂದ ತೊಂಬತ್ತರ ನಡುವೆ. ಅಂಚು ಚೂಪಾಗಿರುವುದಕ್ಕಿಂತ ದುಂಡಗಿದ್ದರೆ ಸಂದುಗಳನ್ನು ಹತ್ತುವುದು ಸಲೀಸು. ದೊಡ್ಡ ಚಕ್ರ ಹಾಕಿದಾಗ ತಿರುವಿನಲ್ಲಿ ಹಲಗೆ ಚಕ್ರಕ್ಕೆ ತಾಗಿ ಗಕ್ಕನೆ ನಿಲ್ಲುವ ಅಪಾಯವಿದೆ, ಅದಕ್ಕೆ ಹಲಗೆಗೂ ಅಚ್ಚಿಗೂ ನಡುವೆ ಮೂರು ಮಿ.ಮೀ. ದಪ್ಪದ ಪ್ಯಾಡ್ ಕೊಡಬೇಕು. ಗಡಸು ಒಂದೇ ಇದ್ದರೂ ಎರಡು ಕಂಪನಿಯ ಚಕ್ರ ಒಂದೇ ರೀತಿ ಓಡುವುದಿಲ್ಲ. ಒತ್ತಿದ್ದು ಬೇಗ ಪುಟಿದೇಳುವ ಯುರಿಥೇನ್ ಒಳ್ಳೆಯದು, ಅಗ್ಗದ್ದು ಹಿಟ್ಟಿನ ಮುದ್ದೆಯಂತೆ ಒತ್ತಿಕೊಂಡೇ ಉಳಿಯುತ್ತದೆ. ಇನ್ನು, ಮೆದು ಚಕ್ರದಲ್ಲಿ ಅಡ್ಡ ಜಾರಿಸಿ ನಿಲ್ಲಿಸುವುದು ಕಷ್ಟ, ನೆಗೆದು ಇಳಿದಾಗ ಪುಟಿಯುತ್ತದೆ. ಅದು ಕೊಡಲೇಬೇಕಾದ ಬೆಲೆ. ಎಪ್ಪತ್ತರ ದಶಕದಿಂದ ಚಕ್ರ ಮಾಡುತ್ತ ಬಂದ ಜಾರ್ಜ್ ಪೊವೆಲ್ ಅವರ ಕಂಪನಿ 2020ರ ಈಚೆಗೆ 93ಎ ಗಡಸಿನಲ್ಲಿ, ಒರಟು ನೆಲದಲ್ಲಿ ಓಡಿಯೂ ಗಟ್ಟಿ ಚಕ್ರದಂತೆ ಜಾರುವ ಹೊಸ ಯುರಿಥೇನ್ ತಂದಿದೆ. ಬೀದಿಯನ್ನು ಮತ್ತೆ ನೆನೆಸಿಕೊಂಡರಲ್ಲ ಎನ್ನಿಸಿತು. ನಮ್ಮ ಹುಡುಗನ ಜೇಬಿಗೆ ಅದು ಎಟುಕುವಂತಿರಲಿಲ್ಲ. ಗುಂಡಿಯನ್ನು ಮಾತ್ರ ಯಾವ ಯುರಿಥೇನೂ ಮುಚ್ಚುವುದಿಲ್ಲ, ಅದು ನಗರಾಡಳಿತ ಮಾಡಬೇಕಾದ ಕೆಲಸ.

ಆಪಾ ಒಪ್ಪಲು ಎರಡು ತಿಂಗಳು ಹಿಡಿಯಿತು. ಹೆಲ್ಮೆಟ್ಟು, ಮಣಿಕಟ್ಟಿನ ಗಾರ್ಡು ಇಲ್ಲದೆ ಹೊಸಲು ದಾಟಬಾರದು ಎಂಬ ಷರತ್ತಿನ ಮೇಲೆ 56 ಮಿ.ಮೀ., 78ಎ ಚಕ್ರ ತಂದೆವು. ಮೊದಲ ದಿನ ಅವನು ಓಣಿಯಲ್ಲಿ ಹೋಗಿ ಬಂದಾಗ ಆಪಾ ಕಿಟಕಿಯಲ್ಲಿ ನಿಂತಿದ್ದಳು. "ಬಂದದ್ದೇ ಗೊತ್ತಾಗಲಿಲ್ಲವಲ್ಲೋ, ಸದ್ದೇ ಇಲ್ಲ" ಎಂದು ಅದಕ್ಕೂ ಬೈದಳು. ಮೊದಲು ಮೂರು ಮನೆ ಆಚೆ ಇರುವಾಗಲೇ ಗಡಗಡ ಸದ್ದಿನಿಂದ ಮಗ ಬಂದನೆಂದು ಅವಳಿಗೆ ತಿಳಿಯುತ್ತಿತ್ತು.

ಬಿಚ್ಚಿದ ನಾಲ್ಕು ಗಟ್ಟಿ ಚಕ್ರಗಳನ್ನು ಏನು ಮಾಡುವುದೆಂದು ಹುಡುಗ ಕೇಳಿದ. ಬಿಸಾಡಲು ಮನಸ್ಸಾಗಲಿಲ್ಲ, ಈದಿಯ ದುಡ್ಡು. ಬಡಗಿಯ ಹತ್ತಿರ ಒಂದು ತುಂಡು ಹಲಗೆ ತಂದು, ಚಕ್ರ ಕೂರಿಸಿ ಆಪಾಳಿಗೆ ಕೊಟ್ಟೆವು. ಈಗ ಅದರ ಮೇಲೆ ಅಕ್ಕಿಯ ಮೂಟೆ ಇದೆ. ಅಡುಗೆಮನೆಯ ಟೈಲ್ಸಿನ ಮೇಲೆ ಒಂದು ಬೆರಳಿನಲ್ಲಿ ತಳ್ಳಿದರೆ ಸಾಕು, ಗೋಡೆಯವರೆಗೆ ಹೋಗುತ್ತದೆ.